ಟೆನಿಸ್ ಬಿಟ್ಟ ಕೈಗೆ ಪಿಕಲ್‌ಬಾಲ್: ಗಾಯದ ನಂತರವೂ ದಾರಿ ಉಂಟು, ಆದರೆ ಲೆಕ್ಕ ಹಾಕಿ ಇಳಿಯಬೇಕು

ಮಕ್ಕಳನ್ನು ಆಟಕ್ಕೆ ಕಳಿಸುವ ಮನೆಗಳಲ್ಲಿ ಒಂದು ಭಯ ಯಾವಾಗಲೂ ಇರ್ತದೆ. ಹತ್ತು ವರ್ಷ ತರಬೇತಿ, ಶೂ, ರ‍್ಯಾಕೆಟ್, ಓಡಾಟ ಅಂತ ಖರ್ಚು ಮಾಡಿದ ಮೇಲೆ ಮೊಣಕಾಲೋ ಭುಜವೋ ಕೈಕೊಟ್ಟರೆ ಮುಂದೇನು? ಟೆನಿಸ್ ಆಟಗಾರರ ಮಟ್ಟಿಗೆ ಈ ಪ್ರಶ್ನೆಗೆ ಈಗ ಒಂದು ಹೊಸ ಉತ್ತರ ಸಿಕ್ಕಿದೆ. ಅದೇ ಪಿಕಲ್‌ಬಾಲ್.

ಅಮೆರಿಕದ ಜ್ಯಾಕ್ ಸಾಕ್ ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಪ್ಯಾರಿಸ್ ಮಾಸ್ಟರ್ಸ್ ಗೆದ್ದು ವಿಶ್ವದ 8ನೇ ಸ್ಥಾನಕ್ಕೆ ಏರಿದವರು. 2014 ಮತ್ತು 2018ರಲ್ಲಿ ವಿಂಬಲ್ಡನ್ ಡಬಲ್ಸ್, 2016ರ ಒಲಿಂಪಿಕ್ಸ್ ಮಿಶ್ರ ಡಬಲ್ಸ್‌ನಲ್ಲಿ ಚಿನ್ನ ಗೆದ್ದರು. 2019ರ ಆರಂಭದಲ್ಲಿ ಅವರ ಹೆಬ್ಬೆರಳಿನ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆ ಆಯಿತು. ಆ ವರ್ಷದ ಕೊನೆಗೆ ಸಿಂಗಲ್ಸ್ ರ‍್ಯಾಂಕಿಂಗ್ ಪಟ್ಟಿಯಲ್ಲೇ ಅವರ ಹೆಸರಿರಲಿಲ್ಲ. ಮತ್ತೆ ಕೆಳಗಿನಿಂದ ಹತ್ತಿ ಬಂದರೂ ಹಳೆಯ ಎತ್ತರ ಸಿಗಲಿಲ್ಲ. 2023ರ ಮೇ ತಿಂಗಳಲ್ಲಿ ವೃತ್ತಿಪರ ಪಿಕಲ್‌ಬಾಲ್‌ಗೆ ಇಳಿದ ಮೊದಲ ಟೂರ್ನಿಯಲ್ಲೇ ಆನಾ ಲೀ ವಾಟರ್ಸ್ ಜೊತೆ ಮಿಶ್ರ ಡಬಲ್ಸ್ ಗೆದ್ದರು. ಅದೇ ವರ್ಷ ಅಮೆರಿಕನ್ ಓಪನ್ ಮುಗಿಸಿ ಟೆನಿಸ್‌ಗೆ ವಿದಾಯ ಹೇಳಿದರು. ಗಾಯವೊಂದೇ ಇದಕ್ಕೆ ಕಾರಣ ಅಂತ ಹೇಳಲಾಗದು. ಆದರೆ ಕೈಯಲ್ಲಿದ್ದ ವಿದ್ಯೆ ವ್ಯರ್ಥ ಆಗಲಿಲ್ಲ ಅನ್ನುವುದು ಮಾತ್ರ ನಿಜ.

ಈ ಆಟ ಹುಟ್ಟಿದ್ದು 1965ರಲ್ಲಿ, ಅಮೆರಿಕದ ಬೈನ್‌ಬ್ರಿಜ್ ದ್ವೀಪದ ಒಂದು ಮನೆಯಂಗಳದಲ್ಲಿ. ರಂಧ್ರಗಳಿರುವ ಪ್ಲಾಸ್ಟಿಕ್ ಚೆಂಡು, ತಂತಿ ಇಲ್ಲದ ಗಟ್ಟಿ ಪ್ಯಾಡಲ್. ಅಂಕಣ 44 ಅಡಿ ಉದ್ದ, 20 ಅಡಿ ಅಗಲ. ಟೆನಿಸ್ ಅಂಕಣ 78 ಅಡಿ ಉದ್ದ, ಡಬಲ್ಸ್‌ಗೆ 36 ಅಡಿ ಅಗಲ. ಅಂದ್ರೆ ಓಡಬೇಕಾದ ಜಾಗ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಟೆನಿಸ್‌ನಲ್ಲಿ ತಲೆ ಮೇಲಿಂದ ಸರ್ವ್ ಮಾಡುವಾಗ ಭುಜಕ್ಕೂ ಬೆನ್ನಿಗೂ ಭಾರಿ ಹೊರೆ ಬೀಳ್ತದೆ. ಇಲ್ಲಿ ಸರ್ವ್ ಸೊಂಟದ ಕೆಳಗಿನಿಂದ. ಚೆಂಡಿನ ಅಂದಾಜು, ಕೈ ಚಳಕ, ಎದುರಾಳಿಯ ಮನಸ್ಸು ಓದುವ ಅಭ್ಯಾಸ ಎಲ್ಲವೂ ಹಾಗೇ ಉಪಯೋಗಕ್ಕೆ ಬರ್ತವೆ.

ಹಾಗಂತ ಇದು ಸುಲಭದ ಆಟ ಅಲ್ಲ. ನೆಟ್‌ನಿಂದ 7 ಅಡಿಯ ಜಾಗಕ್ಕೆ ‘ಕಿಚನ್’ ಅಂತಾರೆ. ಅಲ್ಲಿ ನಿಂತು ಚೆಂಡನ್ನು ಪುಟಿಯುವ ಮೊದಲೇ ಹೊಡೆಯುವಂತಿಲ್ಲ. ಜೋರು ಹೊಡೆತಕ್ಕಿಂತ ಮೆತ್ತಗೆ ಇಳಿಸುವ ಹೊಡೆತಕ್ಕೆ ಬೆಲೆ ಹೆಚ್ಚು. ಕೈ ಬೀಸಿ ಹೊಡೆಯುವ ಟೆನಿಸ್ ಅಭ್ಯಾಸವನ್ನು ಇಲ್ಲಿ ಮರೆಯಬೇಕಾಗ್ತದೆ. ಗಾಯವೂ ಆಗದ ಆಟ ಅಲ್ಲ. ಥಟ್ಟನೆ ನಿಲ್ಲುವುದು, ತಿರುಗುವುದು ಇರುವುದರಿಂದ ಮೊಣಕಾಲು, ಹಿಮ್ಮಡಿ ನರಕ್ಕೆ ಪೆಟ್ಟಾಗಬಹುದು. ಮಣಿಕಟ್ಟು, ಮೊಣಕೈ ನೋವಿದ್ದವರಿಗೆ ಪ್ಯಾಡಲ್ ಕೂಡ ಹೊರೆಯೇ. ವೈದ್ಯರು, ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆಯೇ ಇಳಿಯಬೇಕು.

ಇನ್ನು ಜೀವನೋಪಾಯದ ಮಾತು. ಆಡಿಯೇ ಹಣ ಮಾಡುವವರು ಕೆಲವೇ ಮಂದಿ. ಆದರೆ ತರಬೇತಿ, ಅಂಪೈರಿಂಗ್, ಕೋರ್ಟ್ ನಡೆಸುವುದು, ಟೂರ್ನಿ ಸಂಘಟನೆ ಇವೆಲ್ಲವೂ ಕೆಲಸವೇ. ಮಾಜಿ ರಾಷ್ಟ್ರೀಯ ಟೆನಿಸ್ ಚಾಂಪಿಯನ್‌ಗಳಾದ ಗೌರವ್ ನಾಟೇಕರ್ ಮತ್ತು ಆರತಿ ಪೊನ್ನಪ್ಪ ದಂಪತಿ ಕಟ್ಟಿದ ವರ್ಲ್ಡ್ ಪಿಕಲ್‌ಬಾಲ್ ಲೀಗ್‌ನ ಮೊದಲ ಆವೃತ್ತಿ 2025ರಲ್ಲಿ ಮುಂಬೈಯಲ್ಲಿ ನಡೆಯಿತು. ಬೆಂಗಳೂರು ಜವಾನ್ಸ್ ತಂಡ ಅದನ್ನು ಗೆದ್ದಿತು. ಅದೇ ವರ್ಷ ಕೇಂದ್ರ ಕ್ರೀಡಾ ಸಚಿವಾಲಯ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್‌ಗೆ ರಾಷ್ಟ್ರೀಯ ಕ್ರೀಡಾ ಒಕ್ಕೂಟದ ಮಾನ್ಯತೆ ಕೊಟ್ಟಿತು.

ಇದೆಲ್ಲ ದೊಡ್ಡ ನಗರದವರಿಗೆ ಮಾತ್ರ ಅಂತ ಅಂದುಕೊಳ್ಳಬೇಕಾಗಿಲ್ಲ. ಆಂಧ್ರದ ಗಡಿಯನ್ನೇ ನೋಡಿ. 2010ರಲ್ಲಿ ರಫೆಲ್ ನಡಾಲ್ ಅವರ ಪ್ರತಿಷ್ಠಾನ, ಗ್ರಾಮೀಣಾಭಿವೃದ್ಧಿ ಸಂಸ್ಥೆ ಆರ್‌ಡಿಟಿ ಜೊತೆ ಸೇರಿ ಅನಂತಪುರದಲ್ಲಿ ಟೆನಿಸ್ ಶಾಲೆ ತೆರೆಯಿತು. ಅಲ್ಲಿ ಬಡ ಮಕ್ಕಳಿಗೆ ಟೆನಿಸ್ ಜೊತೆಗೆ ಇಂಗ್ಲಿಷ್, ಕಂಪ್ಯೂಟರ್ ಪಾಠವೂ ಉಂಟು. ಆಟ ಕೈಬಿಟ್ಟರೂ ಓದು ಕೈಹಿಡಿಯಲಿ ಎಂಬ ಈ ಲೆಕ್ಕಾಚಾರ ಎಲ್ಲ ಊರಿಗೂ ಪಾಠ.

ಆದರೆ ಅದೇ ಸೀಮೆಯಲ್ಲಿ ಕನ್ನಡ ಮಾತಾಡುವವರು ಬಹಳ ಮಂದಿ ಇರುವ ರಾಯದುರ್ಗ, ಮಡಕಶಿರಾದಂಥ ಸಣ್ಣ ಊರುಗಳಲ್ಲಿ ಪೂರ್ತಿ ಟೆನಿಸ್ ಕೋರ್ಟ್ ಕಟ್ಟುವುದು ದುಬಾರಿ. ಪಿಕಲ್‌ಬಾಲ್‌ಗೆ ಆ ತೊಂದರೆ ಕಡಿಮೆ. ಡಬಲ್ಸ್ ಬ್ಯಾಡ್ಮಿಂಟನ್ ಅಂಕಣದ ಅಳತೆಯೂ ಇದೇ, 44 ಅಡಿ ಉದ್ದ, 20 ಅಡಿ ಅಗಲ. ಶಾಲೆಯ ಕಾಂಕ್ರೀಟ್ ಬ್ಯಾಡ್ಮಿಂಟನ್ ಅಂಕಣದ ನೆಟ್ಟನ್ನು ಬದಿಯಲ್ಲಿ 36 ಇಂಚು, ನಡುವೆ 34 ಇಂಚಿಗೆ ಇಳಿಸಿ, ಕಿಚನ್ ಗೆರೆ ಎಳೆದರೆ ಕಲಿಕೆ ಶುರು ಮಾಡಬಹುದು. ಬರೀ ಮಣ್ಣಿನ ನೆಲದಲ್ಲಿ ಮಾತ್ರ ಚೆಂಡು ಸರಿಯಾಗಿ ಪುಟಿಯುವುದಿಲ್ಲ. ಒಂದು ಟೆನಿಸ್ ಕೋರ್ಟ್ ಇರುವ ಕಡೆ ಸುತ್ತಲಿನ ಜಾಗ ಸೇರಿಸಿ ನಾಲ್ಕು ಪಿಕಲ್‌ಬಾಲ್ ಅಂಕಣ ಹಿಡಿಸ್ತವೆ. ಟೆನಿಸ್‌ನಲ್ಲಿ ಒಮ್ಮೆಗೆ ನಾಲ್ವರು ಆಡುವ ಜಾಗದಲ್ಲಿ ಹದಿನಾರು ಮಂದಿ ಆಡಬಹುದು. ಕೋಚ್ ಆಗಿ ನಿಂತವನಿಗೆ ಇದು ಆದಾಯದ ಲೆಕ್ಕವೂ ಹೌದು.

ನಮ್ಮ ಕರಾವಳಿಯಲ್ಲೂ ಊರೂರಿಗೆ ಟರ್ಫ್ ಬಂದ ಕಾಲ ಇದು. ಗಾಯಗೊಂಡು ಮನೆಯಲ್ಲಿ ಕೂತ ಆಟಗಾರ ನಿಮ್ಮ ಪರಿಚಯದಲ್ಲಿದ್ದರೆ ‘ನಿನ್ನ ಆಟ ಮುಗೀತು’ ಅಂತ ಹೇಳುವ ಮೊದಲು ಸ್ವಲ್ಪ ಯೋಚಿಸಿ. ಗಾಯ ಪೂರ್ತಿ ಮಾಯಲಿ, ಓದು ಅಥವಾ ಕೆಲಸ ಬಿಡದಿರಲಿ, ಆರು ತಿಂಗಳು ಕಲಿತು ನೋಡಲಿ. ಸಾಲ ಮಾಡಿ ಕೋರ್ಟ್ ಹಾಕುವ ಮಾತು ಆಮೇಲೆ. ಇಷ್ಟು ವರ್ಷ ದುಡಿದು ಕೂಡಿಸಿದ ಕೈಚಳಕವೇ ಅವನ ಮೊದಲ ಬಂಡವಾಳ.