ಹಾಲು ಬಿಟ್ಟ ಹಂದಿಮರಿಯ ಅತಿಸಾರವೂ ಹಿಂಡಿನ ನಿರ್ವಹಣೆಯೂ

ತಾಯಿಯ ಹಾಲನ್ನು ಬಿಡಿಸಿದ ಒಂದೆರಡು ವಾರಗಳೊಳಗೆ ಹಂದಿಮರಿಗಳು ಅತಿಸಾರಕ್ಕೆ ತುತ್ತಾಗುವುದು ಹಂದಿಸಾಕಣೆಯವರೆಲ್ಲರ ಅನುಭವಕ್ಕೆ ಬಂದಿರುವ ಸಂಗತಿ. ಚೆನ್ನಾಗಿ ಬೆಳೆಯುತ್ತಿದ್ದ ಮರಿ ಇದ್ದಕ್ಕಿದ್ದಂತೆ ನೀರಿನಂತೆ ಭೇದಿಮಾಡಿಕೊಳ್ಳುತ್ತದೆ. ಅದರ ಕಣ್ಣು ಗುಳಿಬೀಳುತ್ತದೆ. ಕೆಲವು ಸಂದರ್ಭಗಳಲ್ಲಿ ಒಂದೇ ದಿನದಲ್ಲಿ ಸಾಯುತ್ತದೆ. ಇದಕ್ಕೆ ಬಹುಮಟ್ಟಿಗೆ ಕಾರಣವಾದುದು ಎಷರಿಕಿಯ ಕೋಲೈ ಎಂಬ ಬ್ಯಾಕ್ಟೀರಿಯದ ಕೆಲವು ಬಗೆಗಳು ಎಂಬುದು ಈಗ ನಿಸ್ಸಂದೇಹವಾಗಿ ತಿಳಿದಿದೆ. ಆದರೆ ಅದೇ ಬಗೆಗಳು ರೋಗದ ಸುಳಿವೇ ಇಲ್ಲದ ಮರಿಗಳ ಮಲದಲ್ಲಿಯೂ ದೊರೆಯುತ್ತವೆ. ಹಾಗಾದರೆ ಒಂದು ಕೊಟ್ಟಿಗೆಯಲ್ಲಿ ರೋಗವಾಗಿ, ಪಕ್ಕದ ಕೊಟ್ಟಿಗೆಯಲ್ಲಿ ಏನೂ ಆಗದಿರಲು ಕಾರಣವೇನು? ಈ ಪ್ರಶ್ನೆಗೆ ಡೆನ್ಮಾರ್ಕ್ ದೇಶದ ಅನುಭವವನ್ನು ಮುಖ್ಯವಾಗಿಟ್ಟುಕೊಂಡು ಉತ್ತರ ಹುಡುಕಲು ನಾವು ಇಲ್ಲಿ ಪ್ರಯತ್ನಿಸಿದ್ದೇವೆ. ಪಶುಗಳಿಗೆ ಕೊಡುವ ಔಷಧಿಗಳ ಲೆಕ್ಕವನ್ನೂ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳ ಲೆಕ್ಕವನ್ನೂ 1995ರಲ್ಲಿ ಸ್ಥಾಪಿತವಾದ ಡ್ಯಾನ್‌ಮ್ಯಾಪ್ ಎಂಬ ವ್ಯವಸ್ಥೆಯ ಮೂಲಕ ಆ ದೇಶವು ಬಹಿರಂಗವಾಗಿ ಇಟ್ಟುಕೊಂಡು ಬಂದಿರುವುದೇ ಈ ಆಯ್ಕೆಗೆ ಕಾರಣ.

ಮೊದಲು ಬ್ಯಾಕ್ಟೀರಿಯದ ವಿಚಾರ. 1885ರಲ್ಲಿ ಎಷರಿಕ್ ವರ್ಣಿಸಿದ ಈ ಜೀವಿಯು ಸಾಮಾನ್ಯವಾಗಿ ಕರುಳಿನ ನಿರಪಾಯ ನಿವಾಸಿ. ಕೋಪನ್‌ಹೇಗನ್ನಿನ ಫ್ರಿಟ್ಸ್ ಮತ್ತು ಇಡಾ ಓರ್ಸ್ಕೋವ್ ದಂಪತಿಗಳು ಇಂಗ್ಲೆಂಡಿನ ಸಹೋದ್ಯೋಗಿಗಳೊಡನೆ 1961ರಲ್ಲಿ, ಹಂದಿಗಳ ರೋಗಕ್ಕೆ ಸಂಬಂಧಿಸಿದ ಬಗೆಗಳ ಮೇಲ್ಮೈಯಲ್ಲಿ ಒಂದು ವಿಶೇಷ ವಸ್ತುವನ್ನು ಗುರುತಿಸಿ ಅದನ್ನು ಕೆ-88 ಎಂದು ಕರೆದರು. ಈಗ ಎಫ್-4 ಎನಿಸಿಕೊಂಡಿರುವ ಇದು ಕೂದಲೆಳೆಗಿಂತಲೂ ಎಷ್ಟೋ ಸೂಕ್ಷ್ಮವಾದ ತಂತುಗಳ ಸಮೂಹ. ಬ್ಯಾಕ್ಟೀರಿಯವು ಇದರ ಸಹಾಯದಿಂದ ಕರುಳಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ. 1971ರಲ್ಲಿ ಹರ್ಬರ್ಟ್ ವಿಲಿಯಮ್ಸ್ ಸ್ಮಿತ್ ಮತ್ತು ಲಿಂಗುಡ್ ಎಂಬವರು, ಈ ತಂತುಗಳಿಗೂ ವಿಷೋತ್ಪಾದನೆಗೂ ಬೇರೆ ಬೇರೆ ಪ್ಲಾಸ್ಮಿಡ್‌ಗಳು ಆಧಾರವೆಂಬುದನ್ನು ಅನುಸರಿಸಿ, ಎರಡರಲ್ಲಿ ಒಂದನ್ನು ತೆಗೆದುಹಾಕಿದರೂ ಬ್ಯಾಕ್ಟೀರಿಯದ ರೋಗಕಾರಕ ಶಕ್ತಿ ಬಹಳ ಕುಗ್ಗುತ್ತದೆಂದು ತೋರಿಸಿದರು. ಅಂಟಿಕೊಳ್ಳದ ಬ್ಯಾಕ್ಟೀರಿಯವು ಆಹಾರದೊಡನೆ ಹರಿದುಹೋಗುತ್ತದೆ. ಅಂಟಿಕೊಂಡರೂ ವಿಷವಿಲ್ಲದುದು ಹೆಚ್ಚಿನ ಕೇಡು ಮಾಡಲಾರದು.

ಈ ವಿಷವು ಕರುಳಿನ ಕೋಶಗಳನ್ನು ನಾಶಮಾಡುವುದಿಲ್ಲ. ಕೋಶದೊಳಗಿನ ನಿಯಂತ್ರಣವನ್ನು ತಪ್ಪಿಸಿ, ಲವಣಗಳನ್ನೂ ಅವುಗಳ ಹಿಂದೆಯೇ ನೀರನ್ನೂ ಹೊರಕ್ಕೆ ಸುರಿಯುವಂತೆ ಮಾಡುತ್ತದೆ. ಮರಿ ಸಾಯುವುದು ಒಣಗಿಹೋದುದರಿಂದ. ಇವುಗಳಲ್ಲಿ ಒಂದು ವಿಷವು ಕಾಲರಾ ವಿಷದ ಸಮೀಪಬಂಧು. ಕಲ್ಕತ್ತೆಯಲ್ಲಿ ಶಂಭುನಾಥ ಡೇ ಅವರು ಮೊಲದ ಕರುಳಿನ ತುಂಡನ್ನು ಎರಡು ಕಡೆಯೂ ಕಟ್ಟಿ 1959ರಲ್ಲಿ ಕಾಲರಾ ವಿಷವನ್ನು ಸಿದ್ಧಪಡಿಸಿ ತೋರಿಸಿದುದು ಪ್ರಸಿದ್ಧವಾಗಿದೆ. ಅದಕ್ಕೂ ಮೂರು ವರ್ಷ ಮೊದಲೇ ಅವರು ಕೋಲೈ ಬ್ಯಾಕ್ಟೀರಿಯದ ಕೆಲವು ಬಗೆಗಳೂ ಅದೇ ರೀತಿ ಕರುಳಿನಲ್ಲಿ ನೀರು ತುಂಬಿಸುವುದನ್ನು ಪ್ರಕಟಿಸಿದ್ದರೆಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಅಂಟಿಕೊಳ್ಳಲು ಬ್ಯಾಕ್ಟೀರಿಯಕ್ಕೆ ತಂತುಗಳಿದ್ದರೆ ಸಾಲದು, ಅವನ್ನು ಹಿಡಿಯುವ ಗ್ರಾಹಕವು ಕರುಳಿನಲ್ಲಿಯೂ ಇರಬೇಕು. ಕೆಲವು ಹಂದಿಗಳಲ್ಲಿ ಅದಿಲ್ಲವೆಂದೂ, ಈ ಗುಣ ಆನುವಂಶಿಕವೆಂದೂ 1975ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಿರಪಟ್ಟಿತು. ಇದರಲ್ಲೊಂದು ವಿಚಿತ್ರವುಂಟು: ಗ್ರಾಹಕವಿಲ್ಲದ ತಾಯಿಯ ಕರುಳಿಗೆ ಬ್ಯಾಕ್ಟೀರಿಯ ಅಂಟುವುದಿಲ್ಲವಾಗಿ ಅವಳ ಹಾಲಿನಲ್ಲಿ ಅದಕ್ಕೆ ಎದುರಾದ ಪ್ರತಿಕಾಯಗಳು ಕಡಿಮೆ, ತಂದೆಯಿಂದ ಗ್ರಾಹಕವನ್ನು ಪಡೆದ ಅವಳ ಮರಿಗಳೇ ಹೆಚ್ಚಿನ ಅಪಾಯಕ್ಕೆ ಗುರಿಯಾಗುತ್ತವೆ.

ಹಾಲು ಬಿಡಿಸುವ ದಿನ ಮರಿಗೆ ಏನಾಗುತ್ತದೆ ಎಂಬುದು ನಮ್ಮ ವಿಷಯದ ಮರ್ಮ. ಹಂದಿಯ ಗರ್ಭದಲ್ಲಿ ತಾಯಿಯ ಪ್ರತಿಕಾಯಗಳು ಮಾಸನ್ನು ದಾಟಿ ಮರಿಗೆ ಬರುವುದಿಲ್ಲ. ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣುಹಾಲೇ ಅದರ ಮೊದಲ ಕವಚ. ಅನಂತರದ ಹಾಲಿನಲ್ಲಿರುವ ಪ್ರತಿಕಾಯಗಳು ದಿನವೂ ಕರುಳಿನ ಒಳಮೈಯನ್ನು ತೊಳೆಯುತ್ತ ಬ್ಯಾಕ್ಟೀರಿಯಗಳು ಅಂಟದಂತೆ ತಡೆಯುತ್ತವೆ. ಮನುಷ್ಯನ ಕಟ್ಟುಪಾಡಿಲ್ಲದೆ ಬೆಳೆಯುವ ಹಂದಿಗಳಲ್ಲಿ ಈ ಹಾಲು ಸ್ವಲ್ಪಸ್ವಲ್ಪವಾಗಿ ಕಡಿಮೆಯಾಗಿ, 12ರಿಂದ 17ನೆಯ ವಾರದ ಸುಮಾರಿಗೆ ನಿಲ್ಲುತ್ತದೆ. ಕೊಟ್ಟಿಗೆಯಲ್ಲಿಯಾದರೋ 3 ಅಥವಾ 4 ವಾರಗಳಿಗೆ, ಒಂದೇ ಬೆಳಗ್ಗೆ, ಪೂರ್ತಿಯಾಗಿ ನಿಲ್ಲುತ್ತದೆ. ಮರಿಯ ಸ್ವಂತ ರಕ್ಷಣಾಶಕ್ತಿ ಆಗ ಇನ್ನೂ ಎಳೆಯದು. ಅದೇ ದಿನ ಮರಿ ಬೇರೊಂದು ಕೋಣೆಗೆ ಹೋಗುತ್ತದೆ. ಪರಿಚಯವಿಲ್ಲದ ಮರಿಗಳೊಡನೆ ಸೇರಿ ಮೇಲುಕೀಳನ್ನು ಗೊತ್ತುಮಾಡಿಕೊಳ್ಳಲು ಕಾದಾಡುತ್ತದೆ. ತಾಯಿಯ ಮೈಯ ಬಿಸುಪು ತಪ್ಪುತ್ತದೆ. ಒಣ ಆಹಾರವನ್ನು ಆಹಾರವೆಂದು ಅರಿಯದೆ ಅನೇಕ ಮರಿಗಳು ಒಂದು ದಿನ, ಕೆಲವು ಎರಡು ದಿನ ಉಪವಾಸವಿರುತ್ತವೆ.

ಈ ಉಪವಾಸದ ಪರಿಣಾಮವು ನಾವು ಊಹಿಸುವುದಕ್ಕಿಂತ ಹೆಚ್ಚಿನದು. ಕರುಳಿನ ಒಳಗೋಡೆಯಲ್ಲಿ ಬೆರಳುಗಳಂತೆ ಎದ್ದುನಿಂತಿರುವ ವಿಲ್ಲೈ ಎಂಬ ಅಂಕುರಗಳು ಕೆಲವೇ ದಿನಗಳಲ್ಲಿ ಕುಗ್ಗಿ ಮೋಟಾಗುತ್ತವೆ. ಆಹಾರವನ್ನು ಹೀರುವ ಮೇಲ್ಮೈ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಬಳಿಕ ಹಸಿವು ತಾಳದೆ ಮರಿ ಒಮ್ಮೆಗೇ ಹೆಚ್ಚಾಗಿ ತಿನ್ನುತ್ತದೆ. ಹಾಲಿನ ಸಕ್ಕರೆ ಹುಳಿಯಾಗಿ ಜಠರವನ್ನು ಆಮ್ಲೀಯವಾಗಿಟ್ಟಿದ್ದ ಕಾಲ ಹೋಯಿತು. ಪ್ರೋಟೀನೂ ಸುಣ್ಣದ ಅಂಶವೂ ಹೇರಳವಾಗಿರುವ ಹೊಸ ಆಹಾರ ಇದ್ದ ಆಮ್ಲವನ್ನೂ ಹೀರಿಕೊಳ್ಳುತ್ತದೆ. ಜೀರ್ಣವಾಗದ ಪ್ರೋಟೀನು ಕೆಳಗಿಳಿದು ಬ್ಯಾಕ್ಟೀರಿಯಗಳಿಗೆ ಔತಣವಾಗುತ್ತದೆ. ಕೆಲವೇ ಸಂಖ್ಯೆಯಲ್ಲಿ ಸುಮ್ಮನಿದ್ದ ಕೋಲೈ ಬಗೆಗಳು ಈ ಸಂದಿಯಲ್ಲಿ ಅಸಂಖ್ಯವಾಗಿ ವೃದ್ಧಿಯಾಗುತ್ತವೆ. ರೋಗವು ಬ್ಯಾಕ್ಟೀರಿಯದಿಂದಲೇ ಬಂದಿತೆನ್ನುವುದು ಸತ್ಯವೇ. ಆದರೆ ಅದಕ್ಕೆ ಬಾಗಿಲು ತೆರೆದುದು ಹಿಂಡಿನ ದಿನಚರಿ.

ಆದುದರಿಂದ ತಡೆಯ ಕ್ರಮಗಳೆಲ್ಲವೂ ಈ ಒಂದು ಬೆಳಗ್ಗೆಯ ಆಘಾತವನ್ನು ತಗ್ಗಿಸುವಂಥವೇ. ಹಾಲು ಕುಡಿಯುತ್ತಿರುವಾಗಲೇ ಒಣ ಆಹಾರದ ರುಚಿ ಹತ್ತಿಸುವುದು, ಕೋಣೆಯನ್ನು ಬೆಚ್ಚಗೂ ಒಣಗಿಯೂ ಇಡುವುದು, ಒಡಹುಟ್ಟಿದವುಗಳನ್ನು ಆದಷ್ಟೂ ಅಗಲಿಸದಿರುವುದು, ಆಹಾರದಲ್ಲಿ ಪ್ರೋಟೀನನ್ನು ಕಡಿಮೆಮಾಡಿ ಆಮ್ಲಗಳನ್ನು ಸೇರಿಸುವುದು ಇವುಗಳಲ್ಲಿ ಸೇರಿವೆ. ಮರಿಗಳೆಲ್ಲವೂ ಒಟ್ಟಿಗೆ ಹಾಲು ಕುಡಿದು ಅಭ್ಯಾಸವಾದವು. ಆದಕಾರಣ ಎಲ್ಲವೂ ಏಕಕಾಲದಲ್ಲಿ ಬಾಯಿಡುವಷ್ಟು ಉದ್ದದ ತೊಟ್ಟಿ ಬೇಕು. ಎರಡು ಮರಿಗಳು ತಿನ್ನುತ್ತ ಹತ್ತು ಮರಿಗಳು ಕಾದುನಿಂತ ಕೊಟ್ಟಿಗೆಯಲ್ಲಿ ಉಪವಾಸ ಮುಂದುವರಿಯುತ್ತದೆ. ಕೋಣೆಯನ್ನು ಒಮ್ಮೆಗೇ ತುಂಬಿಸಿ ಒಮ್ಮೆಗೇ ಖಾಲಿಮಾಡುವ ಪದ್ಧತಿ ಇವೆಲ್ಲಕ್ಕಿಂತ ಮುಖ್ಯವೆಂದು ನಮ್ಮ ಅಭಿಪ್ರಾಯ. ತೊಳೆದು, ಸೋಂಕು ನಿವಾರಿಸಿ, ಒಣಗಿಸಿದ ಕೋಣೆಗೆ ಬಂದ ಮರಿಗಳಿಗೆ ಹಿಂದಿನ ತಂಡ ಬಿಟ್ಟುಹೋದ ಬ್ಯಾಕ್ಟೀರಿಯದ ಹೊರೆ ಇರುವುದಿಲ್ಲ. ಹಿಂದೆ ಉಳಿದ ಒಂದೆರಡು ಕುಂಟು ಮರಿಗಳನ್ನು ಹೊಸ ತಂಡಕ್ಕೆ ಸೇರಿಸುವ ಅನುಕಂಪ ಈ ಪದ್ಧತಿಯನ್ನು ಕೆಡಿಸುತ್ತದೆ. ಯೂರೋಪಿನ 2008ರ ನಿರ್ದೇಶವು 28 ದಿನಗಳಿಗೆ ಮುಂಚೆ ಹಾಲು ಬಿಡಿಸಬಾರದೆಂದು ವಿಧಿಸಿ, ಹೀಗೆ ಖಾಲಿಮಾಡಿ ಶುದ್ಧಗೊಳಿಸಿದ, ತಾಯಿಹಂದಿಗಳಿಂದ ಬೇರೆಯಾದ ಕೋಣೆಗೆ ಸಾಗಿಸುವುದಾದರೆ ಏಳು ದಿನಗಳ ವಿನಾಯಿತಿಯನ್ನು ಕೊಟ್ಟಿದೆ. ಒಂದು ವಾರದ ಹಾಲಿಗೆ ಒಂದು ಶುದ್ಧವಾದ ಕೋಣೆಯನ್ನು ಸಮವೆಂದು ಕಾನೂನು ತೂಗಿದಂತಾಯಿತು!

ಇಷ್ಟೊಂದು ಶ್ರಮವನ್ನು ಬಹುಕಾಲ ತಪ್ಪಿಸಿದುದು ಔಷಧಿ. ಆಹಾರದಲ್ಲಿ ಅಲ್ಪಪ್ರಮಾಣದ ಆಂಟಿಬಯೋಟಿಕ್‌ಗಳನ್ನು ಬೆಳವಣಿಗೆಗೆಂದು ನಿತ್ಯವೂ ಬೆರೆಸುವ ರೂಢಿಯನ್ನು ಸ್ವೀಡನ್ 1986ರಲ್ಲಿ ನಿಲ್ಲಿಸಿತು. ಡೆನ್ಮಾರ್ಕಿನವರು 1998ರಲ್ಲಿ ಬೆಳೆದ ಹಂದಿಗಳಿಗೂ 1999ರ ಕೊನೆಯ ಹೊತ್ತಿಗೆ ಮರಿಗಳಿಗೂ ನಿಲ್ಲಿಸಿದರು. ಯೂರೋಪಿನ ಒಕ್ಕೂಟ 2006ರ ಜನವರಿ 1ರಂದು ನಿಷೇಧಿಸಿತು. ಬೆಳೆದ ಹಂದಿಗಳಲ್ಲಿ ಹೆಚ್ಚಿನ ತೊಂದರೆ ಕಾಣಲಿಲ್ಲ. ಹಾಲು ಬಿಟ್ಟ ಮರಿಗಳಲ್ಲಿ ಮಾತ್ರ ಅತಿಸಾರ ಹೆಚ್ಚಿ, ಚಿಕಿತ್ಸೆಗೆಂದು ಕೊಡುವ ಔಷಧಿಯೂ ಹೆಚ್ಚಿತು. ನಿಷೇಧವನ್ನು ಮೆಚ್ಚುವವರು ಈ ಎರಡನೆಯ ಸಂಗತಿಯನ್ನೂ, ಹಳಿಯುವವರು ಮೊದಲನೆಯದನ್ನೂ ಮುಚ್ಚಿಡುವುದುಂಟು.

ಆ ತೆರವಿಗೆ ಸತುವಿನ ಆಕ್ಸೈಡ್ ಬಂದಿತು. ಹಾಲು ಬಿಟ್ಟ ಮೊದಲ ಎರಡು ವಾರ ಕಿಲೋಗ್ರಾಂ ಆಹಾರಕ್ಕೆ 2500 ಮಿಲಿಗ್ರಾಂ ಸತು ದೊರೆಯುವಂತೆ ಬೆರೆಸಿದರೆ ಅತಿಸಾರವು ಬಹಳಮಟ್ಟಿಗೆ ತಗ್ಗುತ್ತದೆ. ಮರಿ ಅದರ ಬಹುಭಾಗವನ್ನು ಹೀರಿಕೊಳ್ಳದೆ ಮಲದಲ್ಲಿ ಬಿಡುತ್ತದೆ. ಮಲ ಹೊಲಕ್ಕೆ ಗೊಬ್ಬರವಾಗುತ್ತದೆ. ಲೋಹವಾದುದರಿಂದ ಸತು ಕೊಳೆಯದೆ ಮಣ್ಣಿನಲ್ಲಿ ಸಂಗ್ರಹವಾಗುತ್ತದೆ. ಸತುವನ್ನು ತಡೆದುಕೊಳ್ಳುವ ಬ್ಯಾಕ್ಟೀರಿಯಗಳು ಅನೇಕ ವೇಳೆ ಆಂಟಿಬಯೋಟಿಕ್‌ಗಳನ್ನೂ ತಡೆದುಕೊಳ್ಳುತ್ತವೆಂಬುದು ಇನ್ನೊಂದು ಆತಂಕ. 2017ರಲ್ಲಿ ನಿರ್ಣಯವಾಗಿ, 2022ರ ಜೂನ್‌ನಿಂದ ಯೂರೋಪಿನಲ್ಲಿ ಈ ಉಪಯೋಗವೂ ನಿಂತಿತು. ಬಳಿಕ ಡೆನ್ಮಾರ್ಕಿನ ಕೊಟ್ಟಿಗೆಗಳಲ್ಲಿ ನಿಯೋಮೈಸಿನ್ ಎಂಬ ಔಷಧಿಯ ಬಳಕೆ ಏರಿತು.

ಈ ಔಷಧಿಗಳ ವಿಚಾರ ಹಂದಿಗೊಟ್ಟಿಗೆಯಲ್ಲಿಯೇ ಮುಗಿಯುವುದಿಲ್ಲ. ಬೇರೆಲ್ಲ ಔಷಧಿಗಳೂ ಸೋತ ರೋಗಿಗೆ ವೈದ್ಯರು ಕೊಡುವ ಕೋಲಿಸ್ಟಿನ್, ಹಂದಿಮರಿಯ ಅತಿಸಾರಕ್ಕೂ ವಿಪುಲವಾಗಿ ಬಳಕೆಯಲ್ಲಿತ್ತು. ಅದಕ್ಕೆ ಬಗ್ಗದ ಗುಣವನ್ನು ಒಂದು ಬ್ಯಾಕ್ಟೀರಿಯದಿಂದ ಮತ್ತೊಂದಕ್ಕೆ ಸಾಗಿಸುವ ಎಂ.ಸಿ.ಆರ್.-1 ಎಂಬ ಜೀನನ್ನು ಚೀನದಲ್ಲಿ, ಹಂದಿಯಿಂದ ಪಡೆದ ಕೋಲೈ ಬ್ಯಾಕ್ಟೀರಿಯದಲ್ಲಿ ಕಂಡುದಾಗಿ 2015ರಲ್ಲಿ ಪ್ರಕಟವಾಯಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೋಲಿಸ್ಟಿನ್ ಕೊಡುವುದನ್ನು ಭಾರತ ಸರ್ಕಾರವು 2019ರ ಜುಲೈಯಲ್ಲಿ ನಿಷೇಧಿಸಿತು. ನಮ್ಮಲ್ಲಿಯೂ ಹಂದಿಸಾಕಣೆಗೆ ಇಳಿಯುವವರು ಔಷಧಿಯ ಚೀಲಕ್ಕಿಂತ ಮೊದಲು ಕೋಣೆಗಳ ಸಂಖ್ಯೆಯನ್ನೂ ತೊಟ್ಟಿಯ ಉದ್ದವನ್ನೂ ಲೆಕ್ಕಹಾಕಬೇಕಾಗಿದೆ.

ಡೆನ್ಮಾರ್ಕಿನಲ್ಲಿ ಈಗ ಉಳಿದಿರುವ ದೊಡ್ಡ ತೊಡಕು ತಳಿಯದು. ಅಲ್ಲಿನ ತಾಯಿಹಂದಿ ಒಂದು ಸೂಲಿಗೆ ಸರಾಸರಿ 16ಕ್ಕೂ ಹೆಚ್ಚು ಜೀವಂತ ಮರಿಗಳನ್ನು ಈಯುತ್ತದೆ. ಮೊಲೆಗಳು ಸಾಮಾನ್ಯವಾಗಿ 14ರ ಆಸುಪಾಸು. ಮಿಕ್ಕ ಮರಿಗಳನ್ನು ಸಾಕುತಾಯಿಗಳಿಗೆ ಹಂಚಬೇಕು. ತಂಡ ಹಿಗ್ಗಿದಷ್ಟೂ ಮರಿ ಹಗುರ, ಪ್ರತಿಯೊಂದರ ಪಾಲಿನ ಗಿಣ್ಣುಹಾಲು ಕಡಿಮೆ. ಇಂಥವು ಹಾಲು ಬಿಡುವ ದಿನಕ್ಕೆ ದುರ್ಬಲವಾಗಿಯೇ ಬರುತ್ತವೆ. 2004ರಿಂದ ಅಲ್ಲಿನ ತಳಿ ಆಯ್ಕೆಯಲ್ಲಿ ಹುಟ್ಟಿದ ಮರಿಗಳ ಒಟ್ಟು ಸಂಖ್ಯೆಗೆ ಬದಲಾಗಿ ಐದನೆಯ ದಿನ ಬದುಕಿರುವ ಮರಿಗಳನ್ನು ಎಣಿಸುತ್ತಾರೆ. ಹಾಲು ಬಿಟ್ಟ ಮೇಲಿನ ಎರಡು ವಾರಗಳನ್ನು ದಾಟಿದವೆಷ್ಟು ಎಂಬುದು ಆ ಎಣಿಕೆಗೆ ಬರುವುದಿಲ್ಲ.