ಸಂಪಾದಕರ ಇನ್ನೊಂದು ಕೆಲಸ

ಸಾಹಿತ್ಯ ಪತ್ರಿಕೆಗಳ ಕೊನೆಯ ಪುಟದಲ್ಲಿ ‘ಈ ಸಂಚಿಕೆಯ ಲೇಖಕರು’ ಎಂಬ ಸಣ್ಣಕ್ಷರದ ಅಂಕಣವೊಂದು ಇರುತ್ತದೆ. ಊರು, ಉದ್ಯೋಗ, ಬಂದಿರುವ ಪುಸ್ತಕ. ಎರಡು ಮೂರು ಸಾಲಿಗೆ ಒಬ್ಬೊಬ್ಬರ ಪರಿಚಯ ಮುಗಿದುಹೋಗುತ್ತದೆ. ಹೆಚ್ಚಿನವರು ಓದದೆ ಮಗುಚುವ ಈ ಪುಟದಲ್ಲಿ ಕನ್ನಡದ ಸಾಹಿತ್ಯ ಪತ್ರಿಕೆಗಳ ಗುಟ್ಟು ಅಡಗಿದೆ. ಇವುಗಳನ್ನು ನಡೆಸಿದವರ ಹೊಟ್ಟೆಪಾಡು ಪತ್ರಿಕೆಯಿಂದ ಸಾಗಲಿಲ್ಲ. ಮೇಷ್ಟರಿಕೆ, ಸರ್ಕಾರಿ ನೌಕರಿ, ಅಡಿಕೆ ತೋಟ, ಕಂಪನಿಯ ಸಂಬಳ ಅವರ ಮನೆ ನಡೆಸಿದವು. ಪತ್ರಿಕೆಯ ಧೈರ್ಯವನ್ನೂ ಮಿತಿಯನ್ನೂ ರೂಪಿಸಿದ್ದು ಈ ಇನ್ನೊಂದು ಕೆಲಸವೇ.

1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಹುಟ್ಟಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಲ್ಲಿ. ಅದನ್ನು ಕಟ್ಟಿದ ಎ.ಆರ್. ಕೃಷ್ಣಶಾಸ್ತ್ರಿಗಳು ಅಧ್ಯಾಪಕರು. ಮಾಸ್ತಿಯವರದು ಬೇರೆಯೇ ಹಾದಿ. ಮೈಸೂರು ಸಂಸ್ಥಾನದ ಹಿರಿಯ ಅಧಿಕಾರಿಯಾಗಿದ್ದು, ಕೆಲಸ ಬಿಟ್ಟ ಮೇಲೆ 1944ರಿಂದ ಸುಮಾರು ಎರಡು ದಶಕ ‘ಜೀವನ’ವನ್ನು ಸಂಪಾದಿಸಿದರು. ಅರವತ್ತರ ದಶಕದ ‘ಸಾಕ್ಷಿ’ಯ ಸಂಪಾದಕ ಗೋಪಾಲಕೃಷ್ಣ ಅಡಿಗರು ಇಂಗ್ಲಿಷ್ ಮೇಷ್ಟ್ರು, ಅದರ ಬೆನ್ನಿಗೆ ನಿಂತ ಕೆ.ವಿ. ಸುಬ್ಬಣ್ಣ ಹೆಗ್ಗೋಡಿನ ಅಡಿಕೆ ಬೆಳೆಗಾರರು. 1964ರಲ್ಲಿ ಧಾರವಾಡದಲ್ಲಿ ‘ಸಂಕ್ರಮಣ’ ಶುರುಮಾಡಿದ ಮೂವರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ ಇಂಗ್ಲಿಷ್ ಕಲಿಸಿದವರು, ಸಿದ್ಧಲಿಂಗ ಪಟ್ಟಣಶೆಟ್ಟಿ ಹಿಂದಿ ಕಲಿಸಿದವರು. 1981ರ ‘ಋಜುವಾತು’ವಿನ ಯು.ಆರ್. ಅನಂತಮೂರ್ತಿ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕರು. 2005ರಲ್ಲಿ ‘ದೇಶ ಕಾಲ’ ತಂದ ವಿವೇಕ ಶಾನಭಾಗ ಎಂಜಿನಿಯರ್.

ಪಟ್ಟಿಯಲ್ಲಿ ಎದ್ದು ಕಾಣುವುದು ಇಂಗ್ಲಿಷ್ ಮೇಷ್ಟ್ರುಗಳ ಸಾಲು. ಅದರಿಂದಲೇ ನಮ್ಮ ವಿಮರ್ಶೆ ಎರವಲು ಮಾಲಾಯಿತು ಎಂಬ ದೂರು ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ನವ್ಯ ಸಾಹಿತ್ಯದ ಕಾಲದಲ್ಲಿ ಇಂಗ್ಲಿಷ್ ಕವಿ ಎಲಿಯಟ್ಟನ ಹೆಸರು ಬೇಕಾದಲ್ಲೂ ಬೇಡದಲ್ಲೂ ಬಂತು. ಆದರೆ ತರಗತಿಯಲ್ಲಿ ಇಂಗ್ಲಿಷ್ ಪದ್ಯ ಬಿಡಿಸಿದವರು ಸಂಜೆ ಕನ್ನಡದಲ್ಲಿ ಬರೆಯಲೇಬೇಕೆಂಬ ಕಟ್ಟಳೆಯೇನೂ ಇರಲಿಲ್ಲ; ಅದರಿಂದ ಬಡ್ತಿಯೂ ಸಿಗುತ್ತಿರಲಿಲ್ಲ. ಬೇರೆ ಭಾಷೆಯಲ್ಲಿ ಕಲಿತ ಸೂಕ್ಷ್ಮ ಓದನ್ನು ಬೇಂದ್ರೆಯವರ ಪದ್ಯಕ್ಕೂ ಕುಮಾರವ್ಯಾಸನ ಪದ್ಯಕ್ಕೂ ಒಡ್ಡಿ ನೋಡಿದ್ದರಿಂದಲೇ ಹೊಗಳಿಕೆಯ ಮುನ್ನುಡಿಗಿಂತ ಬೇರೆಯಾದ ವಿಮರ್ಶೆ ಬೆಳೆಯಿತು. ಜೊತೆಗೆ ತಿಂಗಳ ಸಂಬಳ ಬರುತ್ತಿದ್ದ ಸಂಪಾದಕ ದೊಡ್ಡ ಹೆಸರಿನ ಕೆಟ್ಟ ಪದ್ಯವನ್ನು ವಾಪಸು ಕಳಿಸಬಲ್ಲ. ಚಂದಾದಾರರು ಮುನಿಸಿಕೊಂಡರೂ ಅವನ ಮನೆಯ ಒಲೆ ಆರದು.

ಬರಹವನ್ನು ನೋಡಬೇಕು, ಬರೆದವರ ಜಾತಕ ಏಕೆ ಎಂದು ಕೇಳಬಹುದು. ಒಂದು ಪದ್ಯದ ಬೆಲೆ ಕಟ್ಟಲು ಕವಿಯ ಉದ್ಯೋಗ ಬೇಕಿಲ್ಲ, ನಿಜ. ಆದರೆ ಯಾವ ಪದ್ಯ ಸಂಪಾದಕರ ಮೇಜಿನವರೆಗೆ ಬರುತ್ತದೆ, ಯಾವುದು ಬರುವುದೇ ಇಲ್ಲ ಎಂಬುದಕ್ಕೆ ಹಿನ್ನೆಲೆಯೇ ಉತ್ತರ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹುಟ್ಟಿದ ಪತ್ರಿಕೆಗೆ ಆ ಬಳಗದವರು ಮೊದಲು ಬರೆಯುತ್ತಾರೆ, ಅವರ ಶಿಷ್ಯರು ಆಮೇಲೆ. ಮೇಲೆ ಹೆಸರಿಸಿದ ಸಂಪಾದಕರಲ್ಲಿ ಒಬ್ಬ ಮಹಿಳೆಯೂ ಇಲ್ಲ, ದಲಿತರೂ ಇಲ್ಲ. 1973ರಲ್ಲಿ ಶ್ರೀನಿವಾಸ್ ಅವರು ತಮ್ಮ ಪತ್ರಿಕೆಗೆ ‘ಶೂದ್ರ’ ಎಂದು ಹೆಸರಿಟ್ಟಾಗ ಅದು ಈ ಬಳಗಕ್ಕೇ ಎಸೆದ ಪ್ರಶ್ನೆ. ಆ ಹೆಸರು ಮುಂದೆ ಅವರಿಗೇ ಅಂಟಿಕೊಂಡು ‘ಶೂದ್ರ ಶ್ರೀನಿವಾಸ್’ ಆದರು. ‘ಸಂಕ್ರಮಣ’ವೂ ಕೊನೆಗೆ ನವ್ಯ ಬಿಟ್ಟು ಬಂಡಾಯ ಸಾಹಿತ್ಯದ ಕಡೆ ಹೊರಳಿತು. ಹೊಸ ಹಿನ್ನೆಲೆಯವರು ಬಂದಾಗಲೇ ವಿಮರ್ಶೆಯ ಅಳತೆಗೋಲೂ ಬದಲಾಯಿತು.

ಸಂಬಳದ ಆಸರೆ ಸ್ವಾತಂತ್ರ್ಯ ಕೊಟ್ಟಿತು, ಆಯುಸ್ಸು ಕೊಡಲಿಲ್ಲ. ಪ್ರೂಫ್ ತಿದ್ದುವವರೂ ವಿಳಾಸ ಬರೆದು ಅಂಚೆಗೆ ಹಾಕುವವರೂ ಒಬ್ಬರೇ ಆದರೆ, ಅವರು ದಣಿದ ದಿನ ಪತ್ರಿಕೆಯೂ ನಿಲ್ಲುತ್ತದೆ. ‘ದೇಶ ಕಾಲ’ ಏಳು ವರ್ಷ ನಡೆದು ನಿಂತಿತು. ಹಾಗಾಗಿ ಸಾಹಿತ್ಯ ಪತ್ರಿಕೆ ಕೈಗೆ ಬಂದರೆ ಮೊದಲು ಕೊನೆಯ ಪುಟ ತೆರೆಯಿರಿ. ಅಲ್ಲಿ ಎಷ್ಟು ಊರು, ಎಷ್ಟು ಕಸುಬು ಇವೆಯೆಂದು ಎಣಿಸಿ. ಆಮೇಲೆ ಚಂದಾ ಕಳಿಸಿ.