ಮಂದ್ರಕ್ಕೊಂದು ಕಡಿವಾಣ

ಕಂಪ್ರೆಸರ್ ಎಂದೊಡನೆ ಗೃಹಿಣಿಯರಿಗೆ ನೆನಪಾಗುವುದು ರೆಫ್ರಿಜರೇಟರಿನ ಬೆನ್ನಿಗೆ ಕುಳಿತು ಗುರುಗುಟ್ಟುವ ಕಪ್ಪು ಯಂತ್ರ. ಇಲ್ಲಿ ಹೇಳಹೊರಟಿರುವುದು ಅದಲ್ಲ. ಇದು ಅಂಗೈಯಗಲದ ಒಂದು ಲೋಹದ ಪೆಟ್ಟಿಗೆ. ಬೇಸ್ ಗಿಟಾರ್ ನುಡಿಸುವವನ ಕಾಲಬಳಿ, ನೆಲದ ಮೇಲೆ ಇದರ ವಾಸ. ವಾದ್ಯದಿಂದ ಹೊರಟ ವಿದ್ಯುತ್ ಸಂಕೇತ ಇದರೊಳಗೆ ಹಾಯ್ದು ಧ್ವನಿವರ್ಧಕವನ್ನು ಸೇರುತ್ತದೆ. ಗುಂಡಿಯನ್ನು ಪಾದದಿಂದ ಅದುಮಿದರೆ ಕೆಲಸ ಆರಂಭ, ಇನ್ನೊಮ್ಮೆ ಅದುಮಿದರೆ ವಿರಾಮ. ಇದು ಒತ್ತುವುದು ಅನಿಲವನ್ನಲ್ಲ, ನಾದದ ಏರಿಳಿತವನ್ನು.

ಏರಿಳಿತವೇ ಸಂಗೀತದ ಪ್ರಾಣವಲ್ಲವೆ, ಅದನ್ನು ಒತ್ತುವ ಯಂತ್ರವೇಕೆ ಎಂದು ರಸಿಕರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಬೇಕಾದರೆ ವಾದ್ಯದ ಜಾತಕವನ್ನು ಸ್ವಲ್ಪ ನೋಡಬೇಕು.

ಅಮೆರಿಕದ ನೃತ್ಯಗೋಷ್ಠಿಗಳಲ್ಲಿ ಮಂದ್ರಸ್ವರದ ಹೊಣೆ ಹೊತ್ತಿದ್ದುದು ಆಳೆತ್ತರದ ಡಬಲ್ ಬೇಸ್. ವಿದ್ಯುತ್ ಗಿಟಾರುಗಳು ಬಂದು ಅಬ್ಬರ ಹೆಚ್ಚಿದಂತೆ ಅದರ ದನಿ ಉಡುಗಿಹೋಯಿತು. ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಅಂಗಡಿ ನಡೆಸಿದ್ದ ಲಿಯೋ ಫೆಂಡರ್, 1951ರಲ್ಲಿ ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ವಿದ್ಯುತ್ ಬೇಸನ್ನು ಮಾರುಕಟ್ಟೆಗೆ ತಂದನು. ವೀಣೆಗಿರುವಂತೆ ಇದಕ್ಕೆ ಮೆಟ್ಟಿಲುಗಳಿದ್ದುದರಿಂದ ಸ್ವರ ನಿಖರವಾಗಿ ನಿಲ್ಲುತ್ತಿತ್ತು. ‘ಪ್ರೆಸಿಷನ್ ಬೇಸ್’ ಎಂಬ ಹೆಸರು ಬಂದದ್ದು ಹಾಗೆ. ಗಿಟಾರ್ ನುಡಿಸಲು ಫೆಂಡರನಿಗೆ ಬರುತ್ತಿರಲಿಲ್ಲವೆಂಬುದು ಒಂದು ಸ್ವಾರಸ್ಯ.

ದನಿಯೇನೋ ದೊಡ್ಡದಾಯಿತು, ಅದರೊಡನೆ ದೋಷಗಳೂ ದೊಡ್ಡವಾದವು. ನಾಲ್ಕು ತಂತಿಗಳಲ್ಲಿ ಅತಿ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಒಂದು ತಂತಿಯ ಸ್ವರ ಮೇಲೆ ಹಾರುತ್ತದೆ, ಇನ್ನೊಂದರದು ಮುಳುಗುತ್ತದೆ. ತೋರುಬೆರಳಿನ ಬಲ ನಡುಬೆರಳಿಗಿಲ್ಲ. ಬೇಸನ್ನು ಸಭೆಯಲ್ಲಿ ಯಾರೂ ಗಮನವಿಟ್ಟು ಕೇಳುವುದಿಲ್ಲ, ನಿಜ. ಆದರೆ ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ಗಿಡ್ಡವಾಗಿದ್ದರೆ ಕಾಲಿಗೆ ಹೇಗೆ ಗೊತ್ತಾಗುತ್ತದೆಯೋ, ಹಾಗೆ ಒಂದು ಸ್ವರ ಕುಸಿದರೂ ಕೇಳುವವನಿಗೆ ಏನೋ ಎಡವಿದಂತಾಗುತ್ತದೆ.

ಇದಕ್ಕೆ ಮದ್ದು ದೊರೆತದ್ದು ರೇಡಿಯೋ ನಿಲಯಗಳಲ್ಲಿ. ದನಿ ಹಠಾತ್ತನೆ ಏರಿದರೆ ಪ್ರಸಾರಯಂತ್ರ ಅದನ್ನು ತಾಳಲಾರದು. ಮೊದಮೊದಲು ಎಂಜಿನಿಯರನೊಬ್ಬನು ಗುಂಡಿಯ ಮೇಲೆ ಕೈಯಿಟ್ಟು ಕಾವಲು ಕೂತಿರಬೇಕಾಗುತ್ತಿತ್ತು. 1930ರ ದಶಕದಲ್ಲಿ ಆ ಕೈಯ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು. 1960ರ ದಶಕದ ಮೊದಲ ಭಾಗದಲ್ಲಿ ಜಿಮ್ ಲಾರೆನ್ಸ್ ಎಂಬ ಎಂಜಿನಿಯರನು ರೂಪಿಸಿದ ಎಲ್‌ಎ-2ಎ ಯಂತ್ರದ ಉಪಾಯವಂತೂ ಬಲು ಸೊಗಸು. ಒಳಗೊಂದು ಪುಟ್ಟ ದೀಪಫಲಕ, ಅದರೆದುರು ಬೆಳಕನ್ನು ಗ್ರಹಿಸುವ ಒಂದು ಕೋಶ. ನಾದ ಏರಿದಷ್ಟೂ ದೀಪ ಪ್ರಕಾಶಿಸುತ್ತದೆ. ದೀಪ ಪ್ರಕಾಶಿಸಿದಷ್ಟೂ ಆ ಕೋಶ ನಾದವನ್ನು ತಗ್ಗಿಸುತ್ತದೆ. ಹಾಡುವವರ ಕಂಠಕ್ಕೂ ಬೇಸಿನ ಮಂದ್ರಕ್ಕೂ ಧ್ವನಿಮುದ್ರಣಶಾಲೆಗಳು ಇದನ್ನು ಇಂದಿಗೂ ಆದರದಿಂದ ಬಳಸುತ್ತವೆ. 1970ರ ದಶಕದಲ್ಲಿ ಇಂಥ ಯಂತ್ರಗಳು ಕುಗ್ಗಿ ಪೆಡಲುಗಳಾದವು. ಆಗ ಬಂದ ಎಂಎಕ್ಸ್‌ಆರ್ ಸಂಸ್ಥೆಯ ಕೆಂಪು ‘ಡೈನಾ ಕಾಂಪ್’ ಪೆಟ್ಟಿಗೆಗೆ ಇದ್ದುದು ಎರಡೇ ತಿರುಗುಗುಂಡಿಗಳು. ಇಂದಿನವಕ್ಕೆ ನಾಲ್ಕೋ ಐದೋ ಇರುವುದುಂಟು.

ಅವುಗಳಲ್ಲಿ ಮೊದಲನೆಯದರ ಹೆಸರು ‘ಥ್ರೆಶ್‌ಹೋಲ್ಡ್’, ಎಂದರೆ ಹೊಸ್ತಿಲು. ನಾದ ಹೊಸ್ತಿಲಿನ ಒಳಗಿರುವವರೆಗೆ ಯಂತ್ರ ಮಾತಾಡುವುದಿಲ್ಲ, ದಾಟಿದರೆ ಹಿಡಿಯುತ್ತದೆ. ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದನ್ನು ‘ರೇಷಿಯೋ’ ನಿರ್ಧರಿಸುತ್ತದೆ. ನಾಲ್ಕಕ್ಕೆ ಒಂದು ಎಂದಿಟ್ಟರೆ, ಹೊಸ್ತಿಲಿನಿಂದ 8 ಡೆಸಿಬೆಲ್ ಮೇಲೇರಿದ ನಾದ 2 ಡೆಸಿಬೆಲ್ ಮಾತ್ರ ಮೇಲೇರಿ ಹೊರಬರುತ್ತದೆ. ಹೀಗೆ ಶಿಖರಗಳು ತಗ್ಗಿದ ಬಳಿಕ ಒಟ್ಟು ದನಿಯನ್ನು ಎತ್ತಿಕೊಳ್ಳಲು ಇನ್ನೊಂದು ಗುಂಡಿ. ಮುಳುಗುತ್ತಿದ್ದ ಮೆಲುಸ್ವರಗಳು ಆಗ ಮೇಲೆ ಬರುತ್ತವೆ, ಸ್ವರದ ಬಾಲ ಉದ್ದವಾಗುತ್ತದೆ.

ಇಷ್ಟು ಲೆಕ್ಕ, ಕಲೆ ಇರುವುದು ಉಳಿದೆರಡು ಗುಂಡಿಗಳಲ್ಲಿ. ‘ಅಟ್ಯಾಕ್’ ಎಂಬುದು ಹೊಸ್ತಿಲು ದಾಟಿದ ನಾದವನ್ನು ಯಂತ್ರ ಎಷ್ಟು ಬೇಗ ಹಿಡಿಯಬೇಕೆಂದು ಹೇಳುತ್ತದೆ. ಬೆರಳು ತಂತಿಯನ್ನು ಬಿಟ್ಟ ಮೊದಲ ಕ್ಷಣದಲ್ಲೇ ನುಡಿಸುವವನ ಹಸ್ತಾಕ್ಷರವಿರುವುದು. ಯಂತ್ರ ಅವಸರಪಟ್ಟು ಅದನ್ನೇ ಅಮುಕಿಬಿಟ್ಟರೆ ಉಳಿಯುವುದು ದಿಂಬಿನೊಳಗಿಂದ ಬಂದಂಥ ಸಪ್ಪೆ ಸದ್ದು. ಸುಮಾರು 20, 30 ಮಿಲಿಸೆಕೆಂಡಿನ ಸಾವಕಾಶ ಕೊಟ್ಟರೆ ಮೀಟಿನ ಮೊನೆ ಪಾರಾಗುತ್ತದೆ, ಅದರ ಹಿಂದಿನ ನಾದ ಹದಕ್ಕೆ ಬರುತ್ತದೆ.

ಹಿಡಿದದ್ದನ್ನು ಬಿಡುವ ವೇಗವೇ ‘ರಿಲೀಸ್’. ಇದರಲ್ಲಿ ಬೇಸಿಗೆ ವಿಶೇಷವಾದ ಒಂದು ಅಪಾಯವಿದೆ. ದಪ್ಪ ತಂತಿ ಒಂದು ಸಲ ಹೋಗಿಬರಲು ಸುಮಾರು 24 ಮಿಲಿಸೆಕೆಂಡು ಬೇಕು. ಅದಕ್ಕಿಂತ ಬೇಗ ಹಿಡಿದು ಬಿಡುವ ಯಂತ್ರ, ಸ್ವರದ ಏರಿಳಿತವನ್ನು ಬಿಟ್ಟು ಒಂದೊಂದು ಅಲೆಯ ಬೆನ್ನನ್ನೇ ಹಿಡಿಯಹೊರಡುತ್ತದೆ. ನಾದ ಒಡೆದು ಗೊರಗೊರ ಎನ್ನುತ್ತದೆ. ಗಿಟಾರಿಗೆ ಒಪ್ಪುವ ವೇಗ ಬೇಸಿಗೆ ಒಪ್ಪದು. ತೀರ ನಿಧಾನವಾದರೂ ಕಷ್ಟವೇ: ಮುಂದಿನ ಸ್ವರ ಬರುವ ಹೊತ್ತಿಗೂ ಯಂತ್ರದ ಹಿಡಿತ ಸಡಿಲವಾಗಿರುವುದಿಲ್ಲ.

ಈ ಪೆಟ್ಟಿಗೆ ಎಲ್ಲರಿಗೂ ಬೇಕೆ? ಲ್ಯಾರಿ ಗ್ರಹಾಂನ ನುಡಿಸಾಣಿಕೆಯನ್ನು ನೆನೆದರೆ ಬೇಕೆನಿಸುತ್ತದೆ. ತಾಯಿಯ ಪಿಯಾನೋ, ಗಾಯನಕ್ಕೆ ಜೊತೆಗೂಡಿದ್ದ ಆತನು, ಡ್ರಮ್ಮಿನವನಿಲ್ಲದ ಕೊರತೆಯನ್ನು ತುಂಬಲು ಹೆಬ್ಬೆರಳಿನಿಂದ ತಂತಿಯನ್ನು ಹೊಡೆದು, ಇನ್ನೊಂದು ಬೆರಳಿನಿಂದ ಸೆಳೆದು ಬಿಡುವ ಕ್ರಮವನ್ನು ರೂಢಿಸಿಕೊಂಡನು. ಮುಂದೆ ಅದೇ ‘ಸ್ಲ್ಯಾಪ್’ ಎಂದು ಲೋಕಪ್ರಸಿದ್ಧವಾಯಿತು. ಹೊಡೆತ ಒಂದು ತೂಕ, ಸೆಳೆತ ಇನ್ನೊಂದು ತೂಕ. ಹಾಗೆ ನುಡಿಸುವವರಿಗೆ ಕಂಪ್ರೆಸರ್ ನಿಜವಾದ ಆಸರೆ.

ಜೇಮ್ಸ್ ಜೇಮರ್ಸನ್‌ನ ವಿಷಯವೇ ಬೇರೆ. ಡೆಟ್ರಾಯಿಟಿನ ಮೋಟೌನ್ ಸಂಸ್ಥೆಯ ಎಷ್ಟೋ ಹಾಡುಗಳಿಗೆ ಬುನಾದಿ ಹಾಕಿದ ಆತನು ಮೀಟುತ್ತಿದ್ದುದು ಬಹುಮಟ್ಟಿಗೆ ಒಂದೇ ಬೆರಳಿನಿಂದ, ತೋರುಬೆರಳಿನಿಂದ. ಬೆರಳು ಒಂದೇ ಆದಾಗ ಬೆರಳಿಗೂ ಬೆರಳಿಗೂ ಹೊಂದಿಸಬೇಕಾದ ತಂಟೆ ಎಲ್ಲಿ? ತಂತಿಗಳ ಕೆಳಗೆ ಸ್ಪಂಜಿನ ತುಂಡನ್ನಿಟ್ಟು ಬಾಲವನ್ನೂ ತುಂಡರಿಸಿದ್ದನು. ಆತನ ಕಾಲಬಳಿ ಪೆಡಲ್ ಇರಲಿಲ್ಲ. ಸಮತೆಯ ಮೊದಲ ಪಾಠ ಬೆರಳಿಗೇ ಆಗಬೇಕೆನ್ನುವವರು ಇವನ ಹೆಸರನ್ನು ಹೇಳುವುದು ನ್ಯಾಯವೇ ಸರಿ. ಪೆಟ್ಟಿಗೆಯ ಆಸರೆಯಲ್ಲೇ ಕಲಿತ ವಿದ್ಯಾರ್ಥಿಗೆ ತನ್ನ ನಡುಬೆರಳಿನ ಸೋಮಾರಿತನ ಎಂದೂ ಕೇಳಿಸದು.

ಕೊಂಡುಕೊಂಡವರು ಮೊದಲ ದಿನ ಮಾಡುವುದು ಎಲ್ಲ ಗುಂಡಿಗಳನ್ನೂ ಬಲಕ್ಕೆ ಪೂರ್ತಿ ತಿರುಗಿಸುವುದು. ಆಗ ಸ್ವರದೊಡನೆ ತಂತಿ ಉಜ್ಜುವ ಸದ್ದು, ವಿದ್ಯುತ್ತಿನ ಹಿಸ್ಸೆಂಬ ಸದ್ದು ಎಲ್ಲವೂ ಮೇಲೇಳುತ್ತವೆ. ನಾದವನ್ನು ಒರಟಾಗಿಸುವ ‘ಡಿಸ್ಟಾರ್ಷನ್’ ಪೆಡಲ್ ಜೊತೆಗಿದ್ದರೆ ಕಂಪ್ರೆಸರನ್ನು ಅದರ ಮೊದಲಿಗೆ ಜೋಡಿಸುವುದು ಮೇಲು. ಒರಟಾದ ನಾದ ಆಗಲೇ ಒತ್ತಿಹೋಗಿರುವುದರಿಂದ, ಆಮೇಲೆ ಬಂದ ಕಂಪ್ರೆಸರ್ ಹಿಸ್ಸೆಂಬುದನ್ನಷ್ಟೇ ಎತ್ತಿಹಿಡಿದೀತು.

ಇನ್ನು, ಜೋರಾದದ್ದೆಲ್ಲ ಚೆನ್ನಾದದ್ದೆಂದು ನಂಬುವುದು ಕಿವಿಯ ಸ್ವಭಾವ. ಆದುದರಿಂದ ಪೆಡಲನ್ನು ಅದುಮಿದಾಗಲೂ ಬಿಟ್ಟಾಗಲೂ ದನಿ ಒಂದೇ ಮಟ್ಟದಲ್ಲಿರುವಂತೆ ಹೊಂದಿಸಿಕೊಂಡ ಮೇಲೆಯೇ ಗುಣದೋಷಗಳನ್ನು ತೂಗಬೇಕು. ಅದೂ ಮನೆಯ ಕೋಣೆಯಲ್ಲಿ ಒಂಟಿಯಾಗಿ ಅಲ್ಲ. ಅಲ್ಲಿ ಮಂಕಾಗಿ ಕೇಳಿದ ಬೇಸು ಗೋಷ್ಠಿಯ ನಡುವೆ ಗಟ್ಟಿಯಾಗಿ ನಿಲ್ಲುವುದುಂಟು. ಅಲ್ಲಿ ಸೊಗಸೆನಿಸಿದ್ದು ಇಲ್ಲಿ ಕಾಣೆಯಾಗುವುದೂ ಉಂಟು. ಗುಂಡಿಗಳನ್ನು ಕೊನೆಯದಾಗಿ ತಿರುಗಿಸುವುದನ್ನು ಡ್ರಮ್ಮಿನವನು ಬರುವವರೆಗೆ ತಡೆದಿಡುವುದು ಲೇಸು.